ನಲವತ್ತು ಖಾಲಿ ಡಬ್ಬಿಗಳು

ಕಂಡವರ ಮನೆಯ ಬಾಗಿಲು ಬಡಿದು ಪ್ರಶ್ನೆ ಕೇಳುವುದು ನನ್ನ ಉದ್ಯೋಗ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಹೊಟ್ಟೆ ಹಿಡಿದುಕೊಂಡು ನಗುತ್ತಾ ಮನೆಗೆ ಬಂದ ದಿನಗಳನ್ನು ಎಣಿಸುವುದನ್ನು ಮಾತ್ರ ಯಾವತ್ತೋ ಬಿಟ್ಟಿದ್ದೇನೆ.

ಧಾರವಾಡ ಬಿಟ್ಟು ನಾಶಿಕ್‌ಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಮ್ಮವರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿದ್ದಾರೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಮಾರುಕಟ್ಟೆ ಸಮೀಕ್ಷೆ ಮಾಡುವ ಒಂದು ಸಂಸ್ಥೆಗೆ ಸೇರಿಕೊಂಡೆ. ಯಾವ ಸೋಪು ಹಚ್ಚುತ್ತೀರಿ, ಯಾವ ಚಹಾಪುಡಿ ಕುದಿಸುತ್ತೀರಿ, ನಿಮ್ಮ ಮನೆಯ ಸೊಳ್ಳೆ ಯಾವ ಬತ್ತಿಗೆ ಸಾಯುತ್ತದೆ, ಇಂಥವನ್ನೇ ಕೇಳಿಕೊಂಡು ಸುಖವಾಗಿದ್ದೆ.

ಹೋದ ವರ್ಷ ನಮ್ಮ ಪುಣೆಯ ಮೇಡಂ ಹೊಸ ಕೆಲಸ ತಂದರು. ಮುಂಬೈಯ ಒಂದು ಔಷಧದ ಕಂಪನಿಗೆ, ವಾರಕ್ಕೆ ಒಂದೇ ಸಲ ನುಂಗುವ ಗರ್ಭ ತಡೆಯುವ ಗುಳಿಗೆಯನ್ನು ಚಂದದ ಡಬ್ಬಿಯಲ್ಲಿ ಹಾಕಿ ಮಾರುವ ಯೋಚನೆ. ನಾಶಿಕ್‌ನಿಂದ ಸಂಭಾಜಿನಗರದವರೆಗಿನ ನಮ್ಮ ಊರುಗಳಲ್ಲಿ ಅದನ್ನು ಕೊಳ್ಳುವವರು ಇದ್ದಾರೋ ಇಲ್ಲವೋ ನೋಡಿ ಹೇಳಬೇಕಿತ್ತು. ಕಂಪನಿಯ ದೊಡ್ಡ ಸಾಹೇಬರು ಮೊದಲ ಸಭೆಯಲ್ಲೇ ತೀರ್ಪು ಕೊಟ್ಟುಬಿಟ್ಟರು. "ನನಗೆ ಎಲ್ಲಾ ಗೊತ್ತಿದೆ. ಈ ಊರುಗಳ ಹೆಂಗಸರು ಇಂಥದ್ದನ್ನು ತಾವಾಗಿ ಕೇಳುವುದಿಲ್ಲ, ಕೊಟ್ಟರೆ ಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಮೇಡಂ ಹಟ ಹಿಡಿದಿದ್ದಾರೆ ಅಂತ ಒಂದು ಸಲ ನೋಡೋಣ. ಬೇಡಿಕೆ ಕಾಣದಿದ್ದರೆ ಈ ಕಡೆಗೆ ಮಾಲು ಕಳಿಸುವ ಮಾತೇ ಇಲ್ಲ."

ಮೇಡಂ ಮುಖ ಸಣ್ಣದಾಯಿತು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಯಾಕೆ ಅಂತ ಹೇಳಬೇಕಾದರೆ ನನ್ನದೇ ಮಾನ ಸ್ವಲ್ಪ ಹರಾಜು ಹಾಕಬೇಕು.

೧. ತಲೆನೋವಿನ ಮುಲಾಮು

ಆಗ ನನ್ನ ಮಗಳಿಗೆ ಹನ್ನೊಂದು ತಿಂಗಳು. ಇನ್ನೊಂದು ಮಗು ಬೇಡವೇ ಬೇಡ ಅಂತಲ್ಲ, ಸ್ವಲ್ಪ ತಡೆದು ಬರಲಿ ಅಂತ ಆಸೆ. ಒಂದು ದಿನ ಧೈರ್ಯ ಮಾಡಿ ಓಣಿಯ ಮೆಡಿಕಲ್ ಅಂಗಡಿಗೆ ಹೋದೆ. ನಾಲ್ಕು ಜನ ಗಂಡಸರು ನಿಂತಿದ್ದರು. ಅಂಗಡಿಯವರು, "ಏನು ಬೇಕು ವಹಿನಿ?" ಅಂದರು. "ತಲೆನೋವಿನ ಮುಲಾಮು" ಅಂದೆ.

ಎರಡು ದಿನ ಬಿಟ್ಟು, ಅಂಗಡಿ ಖಾಲಿ ಇರುವ ಹೊತ್ತು ನೋಡಿಕೊಂಡು ಮತ್ತೆ ಹೋದೆ. ಅಂಗಡಿಯವರು ಬಹಳ ಕಾಳಜಿಯಿಂದ, "ತಲೆನೋವು ಕಡಿಮೆಯಾಗಲಿಲ್ಲವೇ?" ಅಂದರು. ಇಷ್ಟು ಒಳ್ಳೆಯ ಮನುಷ್ಯನ ಎದುರು ಆ ಮಾತು ಹೇಗೆ ಆಡುವುದು? "ಇಲ್ಲ, ಇನ್ನೊಂದು ಕೊಡಿ" ಅಂದೆ. ಮೂರನೆಯ ಸಲ ಹೋದಾಗ ಅವರ ಹೆಂಡತಿ ಕೂತಿದ್ದರು. ದೇವರೇ ಕಣ್ಣು ಬಿಟ್ಟ ಅಂದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ, "ಪಾಪ, ಇವರು ಹೇಳುತ್ತಿದ್ದರು" ಅಂತ ತಾವೇ ಮುಲಾಮು ತೆಗೆದುಕೊಟ್ಟರು.

ಮನೆಗೆ ಬಂದು ನಮ್ಮವರ ಮೇಲೆ ರೇಗಿದೆ. "ನೀವ ಹೋಗ್ರಿ! ಗಂಡಸರಿಗೆ ಏನು ನಾಚಿಕಿ?"

"ಅದರಾಗೇನದ? ಈಗ ಹೋಗಿ ಬರ್ತೀನಿ" ಅಂತ ಎದೆ ಮುಂದೆ ಮಾಡಿ ಹೋದರು. ಅರ್ಧ ಗಂಟೆ ಆದ ಮೇಲೆ ಬಂದು, ನನ್ನ ಮುಖ ನೋಡದೆ ಮೇಜಿನ ಮೇಲೆ ಒಂದು ಸಣ್ಣ ಪೊಟ್ಟಣ ಇಟ್ಟರು. ಬಿಚ್ಚಿ ನೋಡಿದರೆ ಮುಲಾಮು.

ಮಗ ಬಂಗಾರದಂಥವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಕೈಯಲ್ಲಿ ಎರಡು ಕೂಸು ಹಿಡಿದು, ನೀರಿನ ನಳದ ಮುಂದೆ ನಿಂತು ಗಳಗಳ ಅತ್ತ ದಿನಗಳು ನನಗೆ ಇನ್ನೂ ಮರೆತುಹೋಗಿಲ್ಲ. ನನ್ನಂಥವಳಿಗೆ ಅದು ಬೇಕಾಗಿತ್ತು, ಕೇಳಲು ಬಾಯಿ ಬರಲಿಲ್ಲ, ಅಷ್ಟೇ. ಅದನ್ನು ಈ ಸಾಹೇಬರು 'ಬೇಡಿಕೆ ಇಲ್ಲ' ಅಂತ ಬರೆದುಕೊಂಡರೆ ಸಿಟ್ಟು ಬರದೆ ಇರುತ್ತದೆಯೇ? ಅಂದಹಾಗೆ, ಮಗನಿಗೆ ಮೂರು ವರ್ಷ ತುಂಬುವವರೆಗೂ ನಮ್ಮ ಮನೆಯಲ್ಲಿ ಮುಲಾಮು ಕೊಳ್ಳುವ ಪ್ರಸಂಗ ಬರಲಿಲ್ಲ.

೨. ಕರಿ ಚೀಲ

ಮೊದಲು ನನ್ನನ್ನು ದೇವಳಾಲಿ ಮಿಲಿಟರಿ ಕ್ಯಾಂಪಿನ ಒಂದು ಮೆಡಿಕಲ್ ಅಂಗಡಿಯಲ್ಲಿ ಮೂರು ದಿನ ಕೂರಿಸಿದರು. ಯಾರು ಬರುತ್ತಾರೆ, ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಅಂತ ಬರೆದುಕೊಳ್ಳಬೇಕು.

ಅಂಗಡಿಯ ಯಜಮಾನರಿಗೆ ತಮ್ಮ ವ್ಯವಸ್ಥೆಯ ಬಗ್ಗೆ ಬಹಳ ಹೆಮ್ಮೆ. "ತಾಈ, ಗಿರಾಕಿಯ ಮರ್ಯಾದೆ ನನ್ನ ಮರ್ಯಾದೆ" ಅಂತ ಮರಾಠಿಯಲ್ಲಿ ನನ್ನನ್ನು ಅಕ್ಕ ಮಾಡಿಕೊಂಡೇ ಶುರುಮಾಡಿದರು. ಕೆಮ್ಮು, ಜ್ವರ, ಮೊಣಕಾಲಿನ ಔಷಧವೆಲ್ಲ ಖಾಕಿ ಕಾಗದದ ಚೀಲದಲ್ಲಿ. 'ಆ' ಸಾಮಾನು ಮಾತ್ರ ಮೊದಲು ವರ್ತಮಾನ ಪತ್ರಿಕೆಯಲ್ಲಿ ಸುತ್ತಿ, ಆಮೇಲೆ ಕರಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎರಡು ಗಂಟು. ಇಪ್ಪತ್ತು ವರ್ಷದಿಂದ ಇದೇ ಪದ್ಧತಿ. ಯಾರಿಗೂ ಏನೂ ಗೊತ್ತಾಗುವುದಿಲ್ಲವಂತೆ.

ಎರಡನೆಯ ದಿನ ಖಾಕಿ ಚೀಲ ಮುಗಿದುಹೋಯಿತು. ಅದೇ ಹೊತ್ತಿಗೆ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಸುಬೇದಾರರು ಬಂದು ಹೊಟ್ಟೆ ಸಾಫಾಗುವ ಚೂರ್ಣ ತೆಗೆದುಕೊಂಡರು. ಯಜಮಾನರು ಬೇರೆ ದಾರಿ ಕಾಣದೆ ಕರಿ ಚೀಲದಲ್ಲಿ ಹಾಕಿಕೊಟ್ಟರು. ಸುಬೇದಾರರು ಮೀಸೆ ತಿರುವಿಕೊಂಡು ಹೋದರು. ಐದು ನಿಮಿಷಕ್ಕೆ ಪರೇಡಿನ ವೇಗದಲ್ಲಿ ವಾಪಸ್ ಬಂದರು. ಮುಖವೆಲ್ಲ ಕೆಂಪು.

"ಮೊದಲು ಈ ಚೀಲ ತೆಗೆದುಕೋ! ತರಕಾರಿಯವಳು ನಕ್ಕಳು. ಹಾಲಿನವನು ಹುಬ್ಬು ಹಾರಿಸಿದ. ನನ್ನ ಕೈಕೆಳಗೆ ಕೆಲಸ ಮಾಡಿದ ಹವಾಲ್ದಾರ, ಅವನೂ ರಿಟೈರ್ ಆಗಿದ್ದಾನೆ, ನಡುರಸ್ತೆಯಲ್ಲಿ ನಿಂತು ಸೆಲ್ಯೂಟ್ ಹೊಡೆದ!"

ಚೀಲ ಕಿತ್ತೆಸೆದು, ಚೂರ್ಣದ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಇಡೀ ಬಜಾರು ದಾಟಿ ಹೋದರು.

ಅದರ ಹಿಂದೆಯೇ ಒಬ್ಬ ಸಿಪಾಯಿಯ ಹೆಂಡತಿ ಬಂದಳು, ಇಪ್ಪತ್ತೈದರ ಹುಡುಗಿ. ಗರ್ಭ ತಡೆಯುವ ಗುಳಿಗೆಯ ಹೆಸರು ಹೇಳಿ ಕೇಳಿದಳು, ಕೂಗಲೂ ಇಲ್ಲ, ಪಿಸುಗುಟ್ಟಲೂ ಇಲ್ಲ, ಉಪ್ಪು ಕೇಳಿದ ಹಾಗೆ ಕೇಳಿದಳು. ಯಜಮಾನರು ಕರಿ ಚೀಲಕ್ಕೆ ಕೈ ಹಾಕಿದಾಗ, "ಚೀಲ ಬೇಡ ಅಣ್ಣ, ಪರ್ಸಿದೆ" ಅಂದಳು. ನನಗೆ ಅವಳ ಗಲ್ಲ ಸವರಬೇಕು ಅನ್ನಿಸಿತು. ಇಪ್ಪತ್ತು ವರ್ಷದಲ್ಲಿ ಕಾಲ ಎಷ್ಟು ಮುಂದೆ ಬಂದಿದೆ ಅಂತ ಖುಷಿಯಾಗಿ ಯಜಮಾನರಿಗೆ ಹೇಳಲು ತಿರುಗಿದೆ. ಅವರು ಇನ್ನೂ ಸುಬೇದಾರರು ಹೋದ ದಿಕ್ಕನ್ನೇ ನೋಡುತ್ತಿದ್ದರು.

"ನೋಡಿದಿರಾ ತಾಈ, ಬಜಾರಿನಲ್ಲಿ ನನ್ನ ಚೀಲಕ್ಕೆ ಎಷ್ಟು ಹೆಸರಿದೆ!"

೩. ಗೆಳೆಯನ ಪರವಾಗಿ

ಈಗ ಏನು ಬಳಸುತ್ತೀರಿ ಅಂತ ಗಂಡಸರನ್ನೂ ಕೇಳಬೇಕು, ಕಂಪನಿಯ ಅಪ್ಪಣೆ. ಸಂಭಾಜಿನಗರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಒಂಬತ್ತು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿದೆವು. ಪ್ರಶ್ನೆ ಕೇಳುವವರು ನಮ್ಮ ಹಿರಿಯ ಸಹೋದ್ಯೋಗಿ, ನಿವೃತ್ತಿಗೆ ಬಂದ ಗೃಹಸ್ಥರು. ನಾನು ಹಿಂದೆ ಕೂತು ಬರೆದುಕೊಳ್ಳುವವಳು. ಎಲ್ಲರಿಗೂ ಚಹಾ, ಸಮೋಸ.

"ನಿಮ್ಮಲ್ಲಿ ಕಾಂಡೋಮ್ ಯಾರು ಬಳಸುತ್ತೀರಿ?"

ಒಂಬತ್ತೂ ಜನ ಸಮೋಸದೊಳಗೆ ಏನೋ ಹುಡುಕತೊಡಗಿದರು. ಕೊನೆಗೆ ಒಬ್ಬ, "ನಾನಲ್ಲ. ನನ್ನ ಒಬ್ಬ ಗೆಳೆಯ ಇದ್ದಾನೆ" ಅಂದ. ಅಷ್ಟು ಸಾಕಾಯಿತು. ಎರಡನೆಯವನಿಗೂ ಒಬ್ಬ ಗೆಳೆಯ. ಮೂರನೆಯವನಿಗೆ ಇಬ್ಬರು. ಗೆಳೆಯರ ಕಷ್ಟ ಸುಖ ಒಂದೊಂದೇ ಹೊರಗೆ ಬಂದವು. ಒಬ್ಬನ ಗೆಳೆಯನಿಗೆ ಪೊಟ್ಟಣ ಹರಿಯಲು ಕತ್ತರಿ ಬೇಕಂತೆ, ಕತ್ತರಿ ತಾಯಿಯ ಹೊಲಿಗೆ ಯಂತ್ರದ ಡ್ರಾವರಿನಲ್ಲಿರುತ್ತದಂತೆ. ಇನ್ನೊಬ್ಬನ ಗೆಳೆಯನಿಗೆ ಅದನ್ನು ಇಡಲು ಮನೆಯಲ್ಲಿ ಜಾಗವೇ ಇಲ್ಲ, ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಿದ್ದ, ಮಾವ ಸ್ಕೂಟರ್ ಕೇಳಿಕೊಂಡು ಹೋದರು.

"ಆಮೇಲೆ?" ಅಂದರು ಎಂಟೂ ಜನ.

"ಮಾವ ಸ್ಕೂಟರ್ ತಂದುಕೊಟ್ಟರು. ಡಿಕ್ಕಿ ಖಾಲಿ ಇತ್ತು. ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ."

ಎಲ್ಲರೂ ಸಮೋಸ ಬಿಟ್ಟು ಅವನ ಕಡೆಗೆ ತಿರುಗಿದರು. ಅವನಿಗೆ ತಾನು ಏನಂದೆ ಅಂತ ಹೊಳೆದದ್ದು ಆಗ. "ಅಂದರೆ, ನನ್ನ ಗೆಳೆಯ ಮಾತಾಡಲಿಲ್ಲ" ಅಂತ ಸೇರಿಸಿದ.

ಆ ಮೇಲೆ ಹೊಟ್ಟೆ ತುಂಬಾ ನಕ್ಕರು ನೋಡಿ, ನಕ್ಕ ಮೇಲೆ ಎಲ್ಲರ ನಾಲಿಗೆಯೂ ಸಡಿಲವಾಯಿತು. ಹೆಂಡತಿಗೆ ಸುಸ್ತು, ಎರಡನೆಯ ಹೆರಿಗೆಯಲ್ಲಿ ಹೆದರಿಕೆಯಾಯಿತು, ಇನ್ನು ಸಾಕು, ಒಳ್ಳೆಯದೊಂದು ಬಂದರೆ ನಾನೇ ತಂದುಕೊಡುತ್ತೇನೆ, ಇಂಥ ಮಾತುಗಳು ಬಂದವು. ಬರೆಯುತ್ತಾ ನನ್ನ ಕಣ್ಣು ತುಂಬಿತು. ಹೊರಡುವಾಗ ಸಹೋದ್ಯೋಗಿ ನನ್ನನ್ನು ಪಕ್ಕಕ್ಕೆ ಕರೆದು, ಕತ್ತರಿ ಇಲ್ಲದೆ ಹರಿಯುವ ಪೊಟ್ಟಣವನ್ನೂ ಕಂಪನಿ ತರುತ್ತದೆಯೇ ಅಂತ ಕೇಳಿದರು. ತಮಗಲ್ಲವಂತೆ, ಅವರ ಗೆಳೆಯರೊಬ್ಬರಿಗೆ.

೪. ಮನ್ಮಾಡಿನ ಅತ್ತೆ

ಆಮೇಲೆ ಬಂತು ಡಬ್ಬಿಯ ಪರೀಕ್ಷೆ. ಮುಷ್ಟಿಯಲ್ಲಿ ಮುಚ್ಚಿಕೊಳ್ಳುವಷ್ಟು ತಿಳಿನೀಲಿ ಡಬ್ಬಿ. ಒಳಗೆ ಗುಳಿಗೆ ಇಲ್ಲ. ಒಂದು ರಟ್ಟಿನ ಚೀಟಿ, ಅದಕ್ಕೆ ನಾಲ್ಕು ಕಿವಿ. ಹೆಂಗಸರು ಡಬ್ಬಿಯನ್ನು ನಾಲ್ಕು ವಾರ ಮನೆಯಲ್ಲಿ ಇಟ್ಟುಕೊಂಡು, ವಾರಕ್ಕೊಂದು ಕಿವಿ ಹರಿಯಬೇಕು, ಗುಳಿಗೆ ನುಂಗಿದ ಹಾಗೆ ಲೆಕ್ಕ. ಇಂಥ ಡಬ್ಬಿ ಅವರ ಮನೆಯಲ್ಲಿ ನಿಲ್ಲುತ್ತದೆಯೇ, ವಾರ ನೆನಪಿರುತ್ತದೆಯೇ ಅಂತ ನೋಡುವುದು. ನಾಶಿಕ್, ಇಗತಪುರಿ, ಮನ್ಮಾಡ್, ಸಂಭಾಜಿನಗರ ಸೇರಿ ನಲವತ್ತು ಡಬ್ಬಿ ಹಂಚಿದೆವು. ಆ ನಲವತ್ತು ಡಬ್ಬಿಯ ಮೇಲೆ ನಮ್ಮ ಊರುಗಳ ಹಣೆಬರಹ ನಿಂತಿತ್ತು.

ಮನ್ಮಾಡಿನ ರೈಲ್ವೆ ವಸತಿಯಲ್ಲಿ ನನಗೆ ಕೊಟ್ಟ ವಿಳಾಸದ ಬಾಗಿಲಲ್ಲಿ ಒಬ್ಬ ಅತ್ತೆ ಕೂತಿದ್ದರು. ಗ್ಯಾಸಿನವನ ಜೊತೆ ಮರಾಠಿಯಲ್ಲಿ ಜಗಳ ನಡೆದಿತ್ತು. ಅವನು ಖಾಲಿ ಸಿಲಿಂಡರ್ ಮೊದಲು ಎತ್ತಿಕೊಳ್ಳಲು ಹೋದ, ಇವರು ಅದರ ಮೇಲೆ ಕೈ ಊರಿ ಕೂತರು. ತುಂಬಿದ್ದು ಒಳಗೆ ಬಂದ ಮೇಲೆಯೇ ಖಾಲಿ ಬಿಟ್ಟುಕೊಟ್ಟರು. ಅವನು ಹೋದ ಮೇಲೆ ತಮ್ಮಷ್ಟಕ್ಕೆ, "ಯಾರಿಗೆ ಕಲಿಸ್ತಾನ ಇವ?" ಅಂದರು. ಕನ್ನಡ!

"ಅವ್ವಾ, ಯಾವ ಕಡೆಯವ್ರು ನೀವು?" ಅಂದೆ.

"ಬಾಗಲಕೋಟಿ ಕಡ್ಯಾಕಿ ಬೇ! ಬಾ ಬಾ, ಒಳಗ ಬಾ, ಚಾ ಕುಡಿ."

ಚಹಾ ಅರ್ಧ ಮುಗಿಯುವವರೆಗೆ ನಾನು ಅವರ ಮಗಳೇ ಆಗಿದ್ದೆ. ಬಂದ ವಿಷಯ ಹೇಳಿದ ಮೇಲೆ ಬಟ್ಟಲಿಗೆ ಇನ್ನೊಂದು ತೊಟ್ಟು ಬೀಳಲಿಲ್ಲ. ಸೊಸೆಯ ಹತ್ತಿರ ಮಾತ್ರ ಮಾತಾಡಬೇಕು, ಅದು ನಿಯಮ, ಅಂದೆ.

"ಆಕಿನ್ನ ಏನ್ ಕೇಳ್ತಿ? ನನ್ನ ಕೇಳು. ಆರು ಹಡದೀನಿ, ನಾಲ್ಕು ಉಳದಾವ. ಆಕಿಗೇನ್ ಗೊತ್ತು?"

"ನಿಮಗ ವಯಸ್ಸು ದಾಟೇದ ಅವ್ವಾ. ಇದು ಸಣ್ಣ ವಯಸ್ಸಿನವರಿಗೆ."

"ವಯಸ್ಸು ದಾಟಿದ ಮ್ಯಾಲೆ ಕೇಳಾಕ ಬಂದೀಯಲ್ಲ! ನಲವತ್ತ ವರ್ಷದ ಹಿಂದ ಎಲ್ಲಿ ಹೋಗಿದ್ದಿ?"

"ಅವಾಗ ನಾನು ಅಂಗನವಾಡಿಯೊಳಗ ಉಪ್ಪಿಟ್ಟು ತಿನ್ನಾಕ ಹೋಗಿದ್ದೆ, ಅವ್ವಾ."

ನಗು ಬಂದರೂ ನಗಲಿಲ್ಲ ಮಹಾತಾಯಿ. ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದು, "ಖಾಲಿ ಐತಿ!" ಅಂದರು.

"ಖಾಲೀನ ಕೊಡೂದ್ರಿ. ನಾಲ್ಕು ವಾರ ಆದ ಮ್ಯಾಲೆ ಖಾಲಿ ಡಬ್ಬಿ ಸೆಂಟರಿಗೆ ವಾಪಸ್ ಕೊಡಬೇಕು" ಅಂತ ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿದೆ. ಸೆಂಟರ್ ಅಂದರೆ ಕಂಪನಿಯವರು ಆಮೇಲೆ ಗೊತ್ತುಮಾಡುವ ಜಾಗ.

ಅವರು ಡಬ್ಬಿಯನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು. ಸೊಂಟದ ಎಲೆ ಅಡಿಕೆ ಸಂಚಿ ಬಿಚ್ಚಿ ಡಬ್ಬಿಯನ್ನು ಒಳಗೆ ಸೇರಿಸಿ, ದಾರ ಬಿಗಿದರು. "ಇದು ನನ್ನ ಕಡೆ ಇರ್ಲಿ" ಅಂದರು. ಒಲೆಯ ಹತ್ತಿರ ನಿಂತಿದ್ದ ಸೊಸೆಯ ಮುಖ ಬಾಡಿಹೋಯಿತು.

ನಾನು ಹೊರಟಾಗ ಆ ಹುಡುಗಿ ಕೊಡ ಹಿಡಿದು ನಳದವರೆಗೆ ಬಂದಳು. ಸೊಂಟದಲ್ಲಿ ಕೂಸು, ಸೆರಗು ಹಿಡಿದು ಇನ್ನೊಂದು, ಹಿಂದೆ ಓಡಿ ಬರುತ್ತಿದ್ದದ್ದು ಮೂರನೆಯದು.

"ಅಕ್ಕಾರ, ಗುಳಿಗಿ ತುಂಬಿದ್ದು ಯಾವಾಗ ಬರ್ತೈತ್ರಿ?"

"ರಿಪೋರ್ಟ್ ಚಲೋ ಬಂದರ ಬರ್ತದವ್ವಾ. ಇಲ್ಲಾಂದ್ರ ಇಲ್ಲ."

"ಹೆಂಗರ ಮಾಡಿ ಬರೂವಂಗ ಮಾಡ್ರಿ ಅಕ್ಕಾರ. ನನ್ನ ಮೈಯಾಗ ಕಸುವು ಉಳದಿಲ್ಲ" ಅಂದಳು. ನಳದ ಮುಂದೆ ಎರಡು ಕೂಸು ಹಿಡಿದು ನಿಂತ ನನ್ನದೇ ಮುಖ ಕಂಡಂತಾಗಿ, ಅವಳ ಕೈಯ ಕೊಡ ನಾನು ತೆಗೆದುಕೊಂಡೆ. ಅವಳೇ ಸಮಾಧಾನ ಮಾಡುವವಳ ಹಾಗೆ ಸ್ವಲ್ಪ ನಕ್ಕಳು. "ತೊಟ್ಟಿಲಾ ಅಟ್ಟಕ್ಕ ಏರಸ್ತೀನಿ ಅಂದರ ಅತ್ತಿ ಬಿಡವಲ್ಲರು. ಯಾಕ ಏರಸ್ತಿ, ಬರೂ ವರ್ಷ ಮತ್ತ ಇಳಸೂದ ಐತಲ್ಲ ಅಂತಾರ!"

೫. ಶುಕ್ರವಾರದ ಗಂಟೆ

ವಾರ ಮರೆಯದಿರಲಿ ಅಂತ ಕಂಪನಿಯವರು ಹೆಂಗಸರ ಮೊಬೈಲಿನಲ್ಲಿ ಒಂದು ವ್ಯವಸ್ಥೆ ಹಾಕಿಕೊಟ್ಟಿದ್ದರು. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಗಂಟೆ ಬಾರಿಸಿ, ಒಬ್ಬ ಹೆಂಗಸಿನ ದನಿ ಮರಾಠಿಯಲ್ಲಿ, "ತಾಈ, ಇವತ್ತು ನಿಮ್ಮ ವಾರದ ದಿನ, ಮರೆಯಬೇಡಿ" ಅನ್ನುತ್ತದೆ. ಗುಟ್ಟು ಇರಲಿ ಅಂತ ಏನನ್ನು ಮರೆಯಬಾರದು ಅಂತ ಹೇಳುವುದಿಲ್ಲ.

ನಾಶಿಕ್‌ನಲ್ಲಿ ಕುಂದಾಪುರದ ಕಡೆಯವರ ಒಂದು ಹೋಟೆಲಿದೆ. ಆ ಮನೆಯ ಸೊಸೆಗೆ ಒಂದು ಡಬ್ಬಿ ಕೊಟ್ಟಿದ್ದೆ. ನಾಲ್ಕು ವಾರ ಬಿಟ್ಟು ಹೋದಾಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾವನವರು ನನ್ನನ್ನು ಕಂಡು ಎದ್ದೇ ನಿಂತರು. ಎಪ್ಪತ್ತೊಂದು ವರ್ಷದ ಹಿರಿಯರು. ಎದ್ದು ನಿಂತದ್ದು ನೋಡಿ, ಬೈಯುವುದಕ್ಕೇ ಎದ್ದರು ಅಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ.

"ಬನ್ನಿ ಬನ್ನಿ! ಸೊಸೆಯ ಮೊಬೈಲಿಗೆ ಅದು ಹಾಕಿಕೊಟ್ಟದ್ದು ನೀವೇ ಅಲ್ಲವಾ? ಎಂತಹ ಉಪಕಾರ ಮಾಡಿದ್ರಿ ಮಾರಾಯ್ರೆ!"

ಏನಾಗಿತ್ತು ಅಂದರೆ, ಸೊಸೆ ಸಂಜೆ ಅಡಿಗೆಮನೆ ನೋಡಿಕೊಳ್ಳುವಾಗ ಮೊಬೈಲನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಪ್ಲಗ್ಗಿಗೆ ಹಾಕಿಡುತ್ತಾಳೆ. ಮಾವನವರಿಗೆ ಡಾಕ್ಟರು ಮೊಣಕಾಲಿಗೆ ಅಂತ ವಾರಕ್ಕೊಂದು ವಿಟಮಿನ್ ಪುಡಿ ಬರೆದುಕೊಟ್ಟಿದ್ದರು, ಹಾಲಲ್ಲಿ ಹಾಕಿ ಕುಡಿಯುವುದು. ಅದು ಅವರಿಗೆ ಯಾವಾಗಲೂ ಮರೆಯುತ್ತಿತ್ತು. ಶುಕ್ರವಾರ ನಾಲ್ಕಕ್ಕೆ ಗಂಟೆ ಬಾರಿಸಿದಾಗ, ಮಗಳಂಥ ಸೊಸೆ ತನಗಾಗಿಯೇ ಈ ವ್ಯವಸ್ಥೆ ಮಾಡಿಸಿದ್ದಾಳೆ ಅಂದುಕೊಂಡು, ಹಾಲು ತರಿಸಿ ಪುಡಿ ಕುಡಿದುಬಿಟ್ಟರು. ನಾಲ್ಕು ಶುಕ್ರವಾರ, ಒಂದೂ ತಪ್ಪಿಲ್ಲ.

"ನನ್ನನ್ನು ತಾಈ ಅನ್ನುತ್ತದೆ. ಇರಲಿ ಬಿಡಿ, ಯಂತ್ರಕ್ಕೆ ಗಂಡು ಹೆಣ್ಣು ಎಂತ ಗೊತ್ತು? ಮೊಣಕಾಲು ನೋವು ಎಷ್ಟು ಕಡಿಮೆ ಅಂತ ಬರೆದುಕೊಳ್ಳಿ."

ಹಿಂದೆ ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. "ನಿನಗೆ ನೆನಪಿತ್ತಾ?" ಅಂತ ಮೆಲ್ಲಗೆ ಕೇಳಿದೆ. "ನನಗೆ ಗಂಟೆ ಯಾಕೆ? ಶುಕ್ರವಾರ ದೇವಿಗೆ ದೀಪ ಹಚ್ಚಿ ಬಂದು ಕಿವಿ ಹರಿಯುವುದು. ಆಯ್ತಲ್ಲ!" ಅಂದಳು. ಡಬ್ಬಿ ಕೊಡು ಅಂದರೆ ಮಾತ್ರ, "ಸೆಂಟರಿಗೇ ತರುತ್ತೇನೆ" ಅಂದುಬಿಟ್ಟಳು.

ಮಾವನವರು ಬಿಡಲಿಲ್ಲ. ಅವರ ಕಣ್ಣೆದುರಿಗೇ ಬರೆದುಕೊಳ್ಳಬೇಕಾಯಿತು. ಕಂಪನಿ ಕೊಟ್ಟ ಟ್ಯಾಬ್‌ನಲ್ಲಿ ಬಳಸಿದವರ ವಯಸ್ಸು ಎಪ್ಪತ್ತೊಂದು ಅಂತ ಒತ್ತಿದೆ. ಅದು ಕೆಂಪಗಾಗಿ, ಇನ್ನೊಮ್ಮೆ ವಿಚಾರ ಮಾಡಿ ಅಂದಿತು.

೬. ಪಾಳಿ

ಸೆಂಟರಿನವರೆಗೆ ಯಾರು ಬರುತ್ತಾರೆ ಅಂತ ನಾವೇ ಮನೆಮನೆಗೆ ಡಬ್ಬಿ ವಾಪಸ್ ತರಲು ಹೋದೆವು, ಹೋದಲ್ಲೆಲ್ಲ ಅದೇ ಕಥೆ. ಇಗತಪುರಿಯಲ್ಲಿ ಮಳೆ ನಿಲ್ಲಲಿ ಅಂದರು. ಇಗತಪುರಿಯ ಮಳೆ ಯಾರ ಮಾತು ಕೇಳಿ ನಿಂತಿದೆ? ಸಂಭಾಜಿನಗರದಲ್ಲಿ ಒಬ್ಬಳು, "ಡಬ್ಬಿ ತವರಿಗೆ ಹೋಗಿದೆ, ಶ್ರಾವಣ ಮುಗಿದ ಮೇಲೆ ಬರುತ್ತದೆ" ಅಂದಳು. ಮನ್ಮಾಡಿನ ಅತ್ತೆ ಸಂಚಿಯ ಮೇಲೆ ಕೈ ಇಟ್ಟುಕೊಂಡು, "ಮನ್ಯಾಗ ಕೊಡಂಗಿಲ್ಲ, ನಡಿ" ಅಂದರು. ನಲವತ್ತರಲ್ಲಿ ನಮ್ಮ ಕೈಗೆ ಬಂದದ್ದು ಐದು. ಉಳಿದವುಗಳ ಮುಂದೆ 'ಕಳೆದಿದೆ' ಅಂತ ಒಂದೊಂದಾಗಿ ಬರೆದೆ. ನಳದ ಹತ್ತಿರದ ಆ ಹುಡುಗಿಗೆ ನಾನು ಇನ್ನು ಯಾವ ಮುಖ ತೋರಿಸಲಿ?

ಕೊನೆಯ ಸಭೆ ಮನ್ಮಾಡಿನಲ್ಲೇ ಇಟ್ಟರು. ಎರಡೂ ಕಡೆಯ ರೈಲು ಅಲ್ಲಿ ಕೂಡುತ್ತವಲ್ಲ, ಎಲ್ಲರಿಗೂ ಅನುಕೂಲ. ಸ್ಟೇಷನ್ನಿನ ಹತ್ತಿರ, ಮದುವೆಗೆ ಬಾಡಿಗೆ ಕೊಡುವ ಒಂದು ಮಂಗಲ ಕಾರ್ಯಾಲಯ ಹಿಡಿದು, 'ಇಂಥ ದಿನ ಹನ್ನೊಂದು ಗಂಟೆಗೆ ಸೆಂಟರಿನಲ್ಲಿ ಖಾಲಿ ಡಬ್ಬಿ ಮರಳಿಸಬೇಕು' ಅಂತ ನಿಯಮದ ಪ್ರಕಾರ ಎಲ್ಲರ ಮೊಬೈಲಿಗೂ ಸುದ್ದಿ ಕಳಿಸಿದೆವು. ಯಾರಾದರೂ ಬರುತ್ತಾರೆ ಅಂತ ನಮಗ್ಯಾರಿಗೂ ಆಸೆ ಇರಲಿಲ್ಲ.

ಹತ್ತೂವರೆಗೆ ದೊಡ್ಡ ಸಾಹೇಬರು ಗೋಡೆಯ ಮೇಲೆ ಚಿತ್ರ ಮೂಡಿಸಿ ಶುರುಮಾಡಿದರು. "ನಾನು ಮೊದಲೇ ಹೇಳಿದ್ದೆ. ಡಬ್ಬಿ ಎಸೆದಿದ್ದಾರೆ. ಬೇಡಿಕೆ ಇಲ್ಲ." ಮೇಡಂ ತಲೆ ತಗ್ಗಿಸಿ ಕೂತಿದ್ದರು. ನಾನು ಎದ್ದು ನನ್ನ ಮುಲಾಮಿನ ಕಥೆ ಹೇಳಿಬಿಡಲೇ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕಾರ್ಯಾಲಯದ ಕಾವಲುಗಾರ ಒಳಗೆ ಇಣುಕಿದ.

"ಸಾಹೇಬರೇ, ಇಲ್ಲಿ ಗ್ಯಾಸ್ ಏಜೆನ್ಸಿ ಯಾವಾಗ ತೆರೆದಿರಿ? ಹೆಂಗಸರು ಪಾಳಿ ಹಚ್ಚಿದ್ದಾರೆ."

ಹೊರಗೆ ಹೋಗಿ ನೋಡುತ್ತೇವೆ, ಗೇಟಿನಿಂದ ರಸ್ತೆಯ ವಡಾಪಾವ್ ಗಾಡಿಯವರೆಗೆ ಹೆಂಗಸರ ಪಾಳಿ! ನಾಶಿಕ್ ಕಡೆಯ ಗಾಡಿಯಲ್ಲಿ ಬಂದವರು, ಸಂಭಾಜಿನಗರದ ಕಡೆಯ ಗಾಡಿಯಲ್ಲಿ ಬಂದವರು. ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿ, ಹೆಚ್ಚಿನವು ನಮ್ಮ ನೀಲಿ ಡಬ್ಬಿಗಳೇ. ತವರಿಗೆ ಹೋಗಿದ್ದ ಡಬ್ಬಿಯೂ ಬಂದಿತ್ತು. ಮೇಡಂ ಒಂದೊಂದೇ ಮುಚ್ಚಳ ತೆಗೆದು ನೋಡಿದರು. ಕೆಲವುಗಳಲ್ಲಿ ಗುಂಡುಸೂಜಿ, ಗುಂಡಿ, ಕೂಸಿನ ಮೊದಲ ಹಲ್ಲು ಕೂಡ ಇತ್ತು. ಚೀಟಿಯ ಕಿವಿಗಳು ಮಾತ್ರ ನಾಲ್ಕೂ ಹರಿದಿದ್ದವು. ಯಾವಾಗ ಹರಿದಿರಿ ಅಂದರೆ ಸೋಮವಾರ, ಗುರುವಾರ, ಶುಕ್ರವಾರ, ಅವರವರ ಉಪವಾಸದ ದಿನ. ಕಂಪನಿಯ ಗಂಟೆಯನ್ನು ಕೇಳಿದವರು ಹೋಟೆಲಿನ ಮಾವನವರೊಬ್ಬರೇ.

ಇನ್ನೂ ಆಶ್ಚರ್ಯವೆಂದರೆ ಪಾಳಿಯಲ್ಲಿ ನಲವತ್ತಕ್ಕಿಂತ ಜಾಸ್ತಿ ಜನ ಇದ್ದರು. ಡಬ್ಬಿ ಸಿಗದ ಅಕ್ಕಪಕ್ಕದವರು ಕುಂಕುಮದ ಭರಣಿ, ಸೋಪಿನ ಡಬ್ಬಿ, ಒಬ್ಬಳು ಟಿಫಿನ್ ಡಬ್ಬಿಯನ್ನೇ ತೊಳೆದು ತಂದಿದ್ದಳು. "ನಮ್ಮದು ಹೊಸ ಕನೆಕ್ಷನ್, ಹೆಸರು ಬರೆದುಕೊಳ್ಳಿ" ಅಂದಳು.

ಪಾಳಿಯ ತಲೆಯಲ್ಲಿ, ಮನೆಯಿಂದ ತಂದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಬಾಗಲಕೋಟೆ ಕಡೆಯ ಅತ್ತೆ! ಹಿಂದೆ ಸೊಸೆ, ಸೊಂಟದಲ್ಲಿ ಕೂಸು. ಅತ್ತೆ ಸಂಚಿಯ ದಾರ ಬಿಚ್ಚಿ ಡಬ್ಬಿ ತೆಗೆದು ಸಾಹೇಬರ ಮುಂದೆ ಹಿಡಿದರು. ಮುಚ್ಚಳಕ್ಕೆ ಸುಣ್ಣ ಹತ್ತಿತ್ತು, ನಾಲ್ಕೂ ಕಿವಿ ಹರಿದಿದ್ದವು.

"ಸೋಮವಾರ ನಂದು ಉಪವಾಸ. ಆಕಿಗೆ ಮೂರು ಹುಡುಗರ ಗದ್ದಲದಾಗ ವಾರ ನೆನಪಿರಂಗಿಲ್ಲ ಅಂತ, ಡಬ್ಬಿ ನಾನ ಇಟ್ಕೊಂಡಿದ್ದೆ. ಪ್ರತೀ ಸೋಮವಾರ ಆಕಿ ಕೈಲೆ ಹರಿಸೀನಿ. ಹಿಡೀರಿ ಖಾಲಿ. ತರ್ರಿ ತುಂಬಿದ್ದು."

ಅವರ ಮಾತನ್ನು ನಾನು ಸಾಹೇಬರಿಗೆ ಹಿಂದಿಯಲ್ಲಿ, ಸಾಹೇಬರದನ್ನು ಅವರಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಸಾಹೇಬರು ಗಾಬರಿಯಾದರು. "ಅಮ್ಮಾ, ತುಂಬಿದ್ದು ಇನ್ನೂ ಬಂದಿಲ್ಲ. ಇದು ನಿಮಗೆ ಬೇಕೋ ಬೇಡವೋ ಅಂತ ನೋಡಲಿಕ್ಕೆ ಕೊಟ್ಟದ್ದು. ಡಬ್ಬಿ ಮನೆಯಲ್ಲೇ ಕೊಟ್ಟಿದ್ದರೆ ನಮಗೆ ಆವತ್ತೇ ತಿಳಿಯುತ್ತಿತ್ತು."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ರೀ ಸಾಹೇಬ್ರ, ನಿಮ್ಮ ಮನ್ಯಾಗ ತುಂಬಿದ ಸಿಲಿಂಡರ್ ಬರೂಕಿಂತ ಮೊದಲ ಖಾಲಿದು ಕೊಟ್ಟು ಕಳಸ್ತೀರೇನು?"

"ಇಲ್ಲ."

"ಮತ್ತ?"

ಸಾಹೇಬರು ಬಿಸಿಲಲ್ಲಿ ನಿಂತ ಆ ಪಾಳಿಯನ್ನು ಕೊನೆಯವರೆಗೂ ನೋಡಿದರು. ಒಂದು ಮಾತು ಹೇಳಬೇಕು, ಮನುಷ್ಯ ಕೆಟ್ಟವರಲ್ಲ. ಕಾವಲುಗಾರನಿಗೆ ಹೇಳಿ ಮೇಜು ಕುರ್ಚಿ ಹೊರಗೆ ತರಿಸಿದರು, ತಾವೇ ಕೂತರು, ಪೆನ್ನು ತೆಗೆದರು. "ಮಾಲು ಬರುತ್ತದೆ. ಇಲ್ಲಿಗೇ ಮೊದಲು ಬರುತ್ತದೆ. ಹೆಸರು ಹೇಳಿ" ಅಂದರು. ಮೇಡಂ ನನ್ನ ಕೈ ಹಿಡಿದು ಅಮುಕಿದರು, ಇಬ್ಬರ ಕಣ್ಣಲ್ಲೂ ನೀರು.

"ಸೊಸಿ ಹೆಸರು ಬರೀರಿ. ನಂಬರ್ ಒಂದು" ಅಂದರು ಅತ್ತೆ. ಸಾಹೇಬರು ಬರೆಯುತ್ತಿದ್ದಂತೆ ಮೇಜಿನ ಮೇಲೆ ಬಾಗಿ ಬೆರಳಿಂದ ಕಾಗದ ತಟ್ಟಿದರು.

"ಮುಂದ ಬರೀರಿ, ಡಬಲ್ ಕನೆಕ್ಷನ್. ಒಂದು ಖಾಲಿ ಆಗೂದ್ರಾಗ ಇನ್ನೊಂದು ಮನ್ಯಾಗ ಇರಬೇಕು. ಇವತ್ತ ಮುಂಜಾನಿ ತೊಟ್ಟಿಲಾ ಅಟ್ಟಕ್ಕ ಏರಿಸಿ ಬಂದೀನಿ. ಮತ್ತ ಇಳಸೂದಾತಂದ್ರ, ತೂಗಾಕ ನಿಮ್ಮನ್ನ ಕರಸ್ತೀನಿ!"